‘ಪುಸೂ ಕಾ?’ ಎಂದು ಕಾಕಾ ಕೇಳಿದ ಮಧ್ಯಾಹ್ನ

ಅಪ್ಪನ ದನಿ ನಮ್ಮ ಮನೆಯಲ್ಲಿ ಒಂದೇ ಒಂದು ನಿಮಿಷದಷ್ಟು ಉಳಿದಿತ್ತು. ಅದೂ ಕಂಪ್ಯೂಟರಿನ ಒಳಗೆ, ಇಂಗ್ಲಿಷ್ ಅಕ್ಷರದಲ್ಲಿ ‘ಅಪ್ಪ’ ಎಂದು ನಾನೇ ಹೆಸರಿಟ್ಟಿದ್ದ ಒಂದು ಫೈಲಿನಲ್ಲಿ. ಅಪ್ಪ ಮಾತ್ರ ಗಟ್ಟಿಮುಟ್ಟಾಗಿ ಮನೆಯಲ್ಲೇ ಇದ್ದ. ಕಿಟಕಿಯ ಪಕ್ಕದ ಮಂಚದ ಮೇಲೆ ಕೂತು, ಪುಣೆಯ ಕಾತ್ರಜದ ರಸ್ತೆಯಲ್ಲಿ ಕರ್ನಾಟಕದ ಕಡೆ ಹೋಗುವ ಬಸ್ಸುಗಳನ್ನು ನೋಡುತ್ತಿದ್ದ. ನಮ್ಮೂರಿನ ಬಸ್ಸು ಆ ದಾರಿಯಲ್ಲಿ ಹೋಗುವುದೇ ಇಲ್ಲ, ಅದು ಸೊಲ್ಲಾಪುರದ ದಾರಿ ಹಿಡಿಯುತ್ತದೆ. ಆದರೂ ಹಣೆಯ ಮೇಲೆ ಕನ್ನಡ ಅಕ್ಷರ ಹೊತ್ತ ಬಸ್ಸು ಕಂಡರೆ ಅವನಿಗೆ ಅಷ್ಟೇ ಸಾಕಿತ್ತು.

ಅಪ್ಪ ಕಟ್ಟಡದ ಕೆಲಸದಲ್ಲಿ ಮುಕಾದಮನಾಗಿದ್ದವನು. ಕಲಬುರಗಿ ಕಡೆಯಿಂದ ಜನರನ್ನು ಕರೆತಂದು, ಗೌಂಡಿಗಳನ್ನೂ ಕೂಲಿಯವರನ್ನೂ ಕೆಲಸಕ್ಕೆ ಹಚ್ಚಿ, ಬೆಳಗಿನಿಂದ ಸಂಜೆಯವರೆಗೆ ಕೂಗುವುದೇ ಅವನ ಉದ್ಯೋಗ. ನಾನು ಚಿಕ್ಕವಳಿದ್ದಾಗ ನಾವು ಸೈಟಿನ ತಗಡಿನ ಶೆಡ್ಡಿನಲ್ಲೇ ಇರುತ್ತಿದ್ದೆವು. ನೆಲದ ಮೇಲೆ ನಿಂತು ಅವನು ಒಂದು ಸಲ ಕೂಗಿದರೆ ಮೇಲಿನ ಮಹಡಿಯಲ್ಲಿ ತಂಬಾಕು ತಿಕ್ಕುತ್ತ ಕೂತವನ ಕೈ ಅಲ್ಲೇ ನಿಲ್ಲುತ್ತಿತ್ತು. ಹೊಸ ಕಟ್ಟಡದಲ್ಲಿ ಮೊದಲು ಅಪ್ಪನ ದನಿ ಮಹಡಿ ಏರುತ್ತಿತ್ತು, ಸಿಮೆಂಟು ಆಮೇಲೆ. ಆಮೇಲೆ ನಾವು ಬಂದು ಇದ್ದ ಕಟ್ಟಡವೂ ಹಾಗೆ ಅವನ ಬೈಗುಳ ಕುಡಿದೇ ಎದ್ದು ನಿಂತದ್ದು. ಇಷ್ಟು ದೊಡ್ಡ ವಸ್ತುವನ್ನು ಒಬ್ಬ ಮನುಷ್ಯ ಬರೀ ಬಾಯಿಂದ ಕಟ್ಟುತ್ತಾನಲ್ಲ ಎಂದು ನಾನು ಬೆರಗಾಗಿ ನೋಡುತ್ತಿದ್ದೆ.

ಅಂಥವನ ಗಂಟಲಿಗೇ ರೋಗ ಬಂತು. ಬದುಕಬೇಕಾದರೆ ದನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ಆಪರೇಷನ್ನಿಗೆ ಮುಂಚೆ ಮನೆಯಲ್ಲಿ ಯಾರೂ ಅದರ ಮಾತೆತ್ತಲಿಲ್ಲ. ನಾನೊಬ್ಬಳು ಮಾತ್ರ ಹಟ ಹಿಡಿದೆ. ಆಗಷ್ಟೇ ಕಂಪ್ಯೂಟರ್ ತಂದಿದ್ದೆವು. ನಾನು ಹಗಲೆಲ್ಲ ಒಂದು ಲಾರಿ ಬುಕಿಂಗ್ ಆಫೀಸಿನಲ್ಲಿ ಟೈಪು ಮಾಡುವವಳು, ಮನೆಯಲ್ಲೂ ಒಂದು ಇರಲಿ ಎಂದು ತಂದದ್ದು. ಅದಕ್ಕೆ ಕಡ್ಡಿಯಂಥ ಮೈಕು ಸಿಕ್ಕಿಸಿ ಅಪ್ಪನನ್ನು ಎದುರು ಕೂರಿಸಿದೆ. ವಿಂಡೋಸಿನಲ್ಲಿ ದನಿ ಹಿಡಿಯುವ ಒಂದು ಸಣ್ಣ ಸಲಕರಣೆ ಇತ್ತು. ಅದು ಒಂದು ನಿಮಿಷ ಹಿಡಿದು ತಾನಾಗಿಯೇ ನಿಂತುಬಿಡುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅಪ್ಪ ಶುರುವಾಯಿತೋ ಇಲ್ಲವೋ ಎಂದು ವಿಚಾರಿಸುವುದರಲ್ಲೇ ಆ ನಿಮಿಷ ಕಳೆದ. ಇನ್ನೊಮ್ಮೆ ಮಾಡೋಣ ಎಂದರೆ, ‘ಸಾಕ್ ಬಿಡವ್ವ, ನಾ ಏನ್ ಸಾಯ್ಲಕತ್ತೀನೇನು?’ ಎಂದು ಎದ್ದು ಹೋದ. ಮರುದಿನ ದವಾಖಾನೆಗೆ ಸೇರಿಸಿದೆವು.

ಅವನು ಮನೆಗೆ ಮರಳಿ ಕೆಲವು ದಿನಗಳಾದ ಮೇಲೆ, ಅವ್ವ ಪೇಟೆಗೆ ಹೋಗಿದ್ದಾಗ, ಅವನ ಎದುರಿಗೇ ಆ ಫೈಲನ್ನು ಹಚ್ಚಿದೆ. ಖುಷಿಪಡುತ್ತಾನೆ ಅಂದುಕೊಂಡಿದ್ದೆ. ಅರ್ಧಕ್ಕೇ ಎದ್ದು ಬಾಲ್ಕನಿಗೆ ಹೋಗಿ, ಬೆನ್ನು ತಿರುಗಿಸಿ ನಿಂತುಬಿಟ್ಟ. ಅದಾದ ಮೇಲೆ ನಾನು ಅದನ್ನು ಎಂದೂ ಹಚ್ಚಲಿಲ್ಲ. ಅವ್ವನಂತೂ ಅದನ್ನು ಕೇಳಿರಲೇ ಇಲ್ಲ. ಚೆನ್ನಾಗಿರಲಿ ಎಂದು ದೊಡ್ಡ ಗುಣಮಟ್ಟದಲ್ಲಿ ಹಿಡಿದಿದ್ದರಿಂದ ಅದು ಫ್ಲಾಪಿಗೂ ಹಿಡಿಸುತ್ತಿರಲಿಲ್ಲ. ಸಿಡಿ ಬರೆಯುವ ಸೌಕರ್ಯ ನಮ್ಮಲ್ಲಿರಲಿಲ್ಲ. ಹಾಗಾಗಿ ಅಪ್ಪನ ದನಿ ಆ ಒಂದು ಡಿಸ್ಕಿನಲ್ಲಿ, ಬೇರೆಲ್ಲೂ ನಕಲಿಲ್ಲದೆ, ತೆಪ್ಪಗೆ ಕೂತಿತ್ತು. ಅಪ್ಪನಿಗೆ ಅದು ಬೇಡವಾಗಿದೆ ಎಂದೇ ನಾನು ನಂಬಿದ್ದೆ. ನನಗೆ ಬೇಕಿತ್ತು.

ಅಪ್ಪ ಚಪ್ಪಾಳೆಯಲ್ಲೇ ಸಂಸಾರ ಮಾಡುವುದನ್ನು ಕಲಿತ. ಒಂದು ಚಪ್ಪಾಳೆ ಎಂದರೆ ಇಲ್ಲಿ ಬಾ, ಎರಡು ಎಂದರೆ ಬೇಗ ಬಾ. ಸಿಟ್ಟು ಬಂದರೆ ಸ್ಟೀಲ್ ಲೋಟವನ್ನು ಮಂಚದ ಕಬ್ಬಿಣಕ್ಕೆ ಬಡಿಯುತ್ತಿದ್ದ. ಉಳಿದದ್ದನ್ನೆಲ್ಲ ಅವ್ವ ಅವನ ಮುಖ ನೋಡಿ ಓದಿಕೊಳ್ಳುತ್ತಿದ್ದಳು, ಅಪ್ಪ ಅಂದುಕೊಳ್ಳದ್ದನ್ನೂ ಸೇರಿಸಿ.

ಆ ವರ್ಷ ನಾನು ಭಾನುವಾರದ ಕಂಪ್ಯೂಟರ್ ಕ್ಲಾಸಿಗೆ ಸೇರಿದ್ದೆ. ಅಲ್ಲಿ ಲಿನಕ್ಸ್ ಎಂಬ ಹೆಸರು ಕೇಳಿದೆ. ಯಾರದೂ ಅಲ್ಲದ, ಎಲ್ಲರದೂ ಆದ ಒಂದು ವ್ಯವಸ್ಥೆ. ದೇಶದೇಶಗಳ ಜನ ಒಬ್ಬರ ಮುಖ ಒಬ್ಬರು ನೋಡದೆ, ಒಬ್ಬ ಒಂದು ಸಾಲು, ಇನ್ನೊಬ್ಬ ಇನ್ನೊಂದು ಸಾಲು ಬರೆದು ಕಟ್ಟಿದ್ದಂತೆ, ಕಟ್ಟಿ ಬಿಟ್ಟಿ ಹಂಚುತ್ತಾರಂತೆ. ಮುಕಾದಮನ ಮಗಳಾದ ನನಗೆ ಇದು ನಂಬುವ ಮಾತೇ ಆಗಿರಲಿಲ್ಲ. ಕೂಗುವವನೇ ಇಲ್ಲದ ಸೈಟಿನಲ್ಲಿ ಒಂದು ಗೋಡೆಯಾದರೂ ಏಳುತ್ತದೆಯೇ? ಆದರೆ ಕ್ಲಾಸಿನ ಕಪ್ಪು ಪರದೆಯ ಮೇಲೆ ಸಾಲು ಸಾಲಾಗಿ ಅಕ್ಷರ ಓಡುತ್ತ, ಪ್ರತಿ ಸಾಲಿನ ಕೊನೆಗೆ ಹಸಿರು ಬಣ್ಣದಲ್ಲಿ ‘ಓಕೆ’ ಎಂದು ಬೀಳುವುದನ್ನು ನೋಡಿದಾಗ ನನ್ನ ಮೈ ಜುಮ್ಮೆಂದಿತು. ಹಾಜರಿ ಕೂಗಿದಂತೆ, ಒಬ್ಬೊಬ್ಬರೂ ಬಂದಿದ್ದೇನೆ ಎಂದಂತೆ. ಕ್ಲಾಸಿನಲ್ಲಿ ಒಂದು ಕಂಪ್ಯೂಟರಿಗೆ ಹಲವರು ಮುಗಿಬೀಳುತ್ತಿದ್ದೆವು, ಕೀಲಿಮಣೆ ನನ್ನ ಕೈಗೆ ಬರುವಷ್ಟರಲ್ಲಿ ಪಾಠ ಮುಗಿದಿರುತ್ತಿತ್ತು. ಮನೆಯಲ್ಲೇ ಹಾಕಿಕೊಂಡರೆ ಎಂಬ ಆಸೆ ಹುಟ್ಟಿದ್ದು ಹಾಗೆ.

ಆಸೆಗೆ ತುಪ್ಪ ಸುರಿದವರು ಕೆಳಗಿನ ಮನೆಯ ಕಾಕಾ. ಹುಟ್ಟಾ ಪುಣೆಯವರು, ಟೆಲಿಫೋನ್ ಇಲಾಖೆಯಿಂದ ನಿವೃತ್ತರಾಗಿ ಕಂಪ್ಯೂಟರಿನ ಹುಚ್ಚು ಹಚ್ಚಿಕೊಂಡಿದ್ದರು. ಮಾಸಪತ್ರಿಕೆಯ ಜೊತೆ ಬಂದ ಲಿನಕ್ಸ್ ಸಿಡಿಗಳನ್ನು ಮುತ್ತಿನಂತೆ ಜೋಡಿಸಿ ಇಟ್ಟಿದ್ದರು. ಅವರಿಗೆ ಗೊತ್ತಿಲ್ಲದ ವಿಷಯ ಇರಬಹುದು, ಗೊತ್ತಿಲ್ಲ ಎಂದು ಅವರು ಹೇಳಿದ್ದನ್ನು ಮಾತ್ರ ನಾನು ಕೇಳಿಲ್ಲ. ಅವರ ಮರಾಠಿಯೂ ಇಸ್ತ್ರಿ ಹಾಕಿದ ಮರಾಠಿ. ನಮ್ಮವ್ವನದು ಸೈಟಿನಲ್ಲಿ ಲಾತೂರು, ಉಸ್ಮಾನಾಬಾದಿನ ಹೆಂಗಸರ ಜೊತೆ ಬುಟ್ಟಿ ಹೊರುತ್ತ ಕಲಿತ ಮರಾಠಿ. ಇಬ್ಬರೂ ಒಂದೇ ಭಾಷೆ ಆಡುತ್ತಿದ್ದೇವೆ ಎಂದು ಇಬ್ಬರಿಗೂ ನಂಬಿಕೆಯಿತ್ತು.

ನಾನು ಒಂದೇ ಷರತ್ತು ಹಾಕಿದೆ. ಹಳೇ ಡಿಸ್ಕಿಗೆ ಕೈ ಹಚ್ಚುವಂತಿಲ್ಲ. ಅದರಲ್ಲಿ ಅಪ್ಪ ಇದ್ದಾನೆ ಎಂದೆ. ಕಾಕಾ ನಗಲಿಲ್ಲ, ಆ ಮಟ್ಟಿಗೆ ಒಳ್ಳೆಯವರು. ‘ಹಂಗಾದ್ರೆ ಲಿನಕ್ಸಿಗೆ ಬೇರೆಯೇ ಡಿಸ್ಕ್ ಹಾಕೋಣ, ಒಂದು ಪೆಟ್ಟಿಗೆ, ಎರಡು ಡಿಸ್ಕ್, ಯಾರ ಗೋಜಿಗೂ ಯಾರೂ ಹೋಗೋದಿಲ್ಲ’ ಎಂದು ಮರಾಠಿಯಲ್ಲಿ ಧೈರ್ಯ ಹೇಳಿದರು. ಬುಧವಾರ ಪೇಟೆಯ ಓಣಿಯಿಂದ ಯಾರೋ ಬಳಸಿ ಬಿಟ್ಟ ಸಣ್ಣ ಡಿಸ್ಕೊಂದನ್ನು ಅವರೇ ಹುಡುಕಿ ತಂದರು. ‘ನಮ್ಮನ್ನು ಕೇಳದೆ ಮಾತ್ರ ಏನೂ ಒತ್ತಬೇಡಿ’ ಎಂದು ನಾನು ಮತ್ತೆ ಮತ್ತೆ ಹೇಳಿದೆ. ಕೇಳುತ್ತೇನೆ ಎಂದು ಅವರು ಎದೆ ಮುಟ್ಟಿಕೊಂಡರು. ಮಾತಿಗೆ ತಪ್ಪಲಿಲ್ಲ, ಅದೇ ದೊಡ್ಡ ಅವಾಂತರವಾಯಿತು.

ಕ್ಲಾಸಿಗೆ ರಜೆಯಿದ್ದ ಒಂದು ಭಾನುವಾರ ಬೆಳಿಗ್ಗೆ ಕಾಕಾ ಸ್ಕ್ರೂಡ್ರೈವರು ಹಿಡಿದು ಬಂದರು. ಬಂದವರೇ ಒಂದು ಚಹಾ, ಪೆಟ್ಟಿಗೆ ಬಿಚ್ಚಿದ ಮೇಲೆ ಇನ್ನೊಂದು ಚಹಾ, ಧೂಳು ಊದಿ ಗಂಟಲು ಕಟ್ಟಿತೆಂದು ಮತ್ತೂ ಒಂದು. ಮನೆಯ ಹಾಲು ಅವರೊಬ್ಬರಿಗೇ ಮುಗಿಯಿತು. ಅಪ್ಪ ಮಂಚದಿಂದ ಇಳಿದು ಪಕ್ಕದಲ್ಲೇ ಚಾಪೆ ಹಾಕಿ ಕೂತ. ಬಿಚ್ಚಿದ ಪೆಟ್ಟಿಗೆಯ ಒಳಗನ್ನು ಅವನು ನೋಡಿದ್ದು ಅದೇ ಮೊದಲು. ಹಸಿರು ಹಲಗೆಯ ಮೇಲೆ ಸಣ್ಣಸಣ್ಣ ಮನೆಗಳು, ಓಣಿಗಳು. ಎಷ್ಟೋ ಹೊತ್ತು ಬಾಗಿ ನೋಡಿದ. ಆಮೇಲೆ ನನ್ನ ಕಡೆ ತಿರುಗಿ ಕೈ ಬೀಸಿ ಕೇಳಿದ, ಇದನ್ನೆಲ್ಲ ಯಾರು ಕಟ್ಟಿದರು? ನನಗೇನು ಗೊತ್ತು. ಭಾಳ ಮಂದಿ ಅಪ್ಪಾ, ಎಂದೆ. ಅವನು ಗೌರವದಿಂದ ತಲೆಯಾಡಿಸಿದ.

ಒಂದೇ ಪಟ್ಟಿಯಂಥ ಕೇಬಲ್ಲಿಗೆ ಎರಡು ಡಿಸ್ಕ್ ಸಿಕ್ಕಿಸಬೇಕಾದರೆ ಒಂದು ಮಾಸ್ಟರ್ ಆಗಬೇಕು, ಇನ್ನೊಂದು ಸ್ಲೇವ್. ಡಿಸ್ಕಿನ ಬೆನ್ನಿನಲ್ಲಿ ಅಕ್ಕಿ ಕಾಳಿನಷ್ಟು ಪ್ಲಾಸ್ಟಿಕ್ ತುಣುಕೊಂದು ಇರುತ್ತದೆ, ಅದನ್ನು ಯಾವ ಕಡ್ಡಿಗೆ ಸಿಕ್ಕಿಸುತ್ತೀರೋ ಅದರ ಮೇಲೆ ಈ ಪಟ್ಟ ನಿರ್ಧಾರವಾಗುತ್ತದೆ. ಇದನ್ನು ಅಪ್ಪನಿಗೆ ಬಿಡಿಸಿ ಹೇಳಿದೆ. ಒಬ್ಬ ಮುಕಾದಮ, ಇನ್ನೊಬ್ಬ ಗೌಂಡಿ ಇದ್ದಂಗ. ಅಪ್ಪ ಹೆಬ್ಬೆರಳನ್ನು ತನ್ನ ಎದೆಗೆ ತಿರುಗಿಸಿ ತೋರಿಸಿದ, ಹಾಗಾದರೆ ಮುಕಾದಮ ನಾನೇ ಅಲ್ಲವೇ ಎಂದು. ಅವನ ದನಿ ಇದ್ದ ಡಿಸ್ಕೇ ಮಾಸ್ಟರು. ಹೌದಪ್ಪಾ ನೀನೇ, ಎಂದೆ. ಆಪರೇಷನ್ನಿನ ನಂತರ ಅವನು ಅಷ್ಟು ಚೆನ್ನಾಗಿ ನಕ್ಕದ್ದು ನಾನು ನೋಡಿರಲಿಲ್ಲ.

ಆದರೆ ಮೊದಲ ಸಲ ಚಾಲೂ ಮಾಡಿದಾಗ ಎರಡೂ ಡಿಸ್ಕ್ ಕಾಣಲಿಲ್ಲ. ಇಬ್ಬರಿಗೂ ಮುಕಾದಮನ ಪಟ್ಟವೇ ಬಿದ್ದಿತ್ತು, ಹಾಗಾಗಿ ಯಾರೂ ಕೆಲಸಕ್ಕೆ ಏಳಲಿಲ್ಲ. ಕಾಕಾ ಗೊಣಗುತ್ತ ಎಲ್ಲ ಕಿತ್ತು, ಅಕ್ಕಿ ಕಾಳನ್ನು ಇಲ್ಲಿಂದಲ್ಲಿಗೆ, ಕೇಬಲ್ಲನ್ನು ಅಲ್ಲಿಂದಿಲ್ಲಿಗೆ ಬದಲಿಸಿ ಮತ್ತೆ ಜೋಡಿಸಿದರು. ಈ ಸಲ ಎರಡೂ ಕಂಡವು. ಯಾವುದು ಈಗ ಮೊದಲನೆಯದು, ಯಾವುದು ಎರಡನೆಯದು ಎಂದು ಕೇಳಿದೆ. ‘ಇದು ಅದು, ಅದು ಇದು’ ಎಂದು ಬೆರಳು ತೋರಿಸಿದರು. ಅವರ ಮಾತಿನಲ್ಲಿ ಅಷ್ಟು ಭರವಸೆ ಇತ್ತೆಂದರೆ ನಾನು ಮತ್ತೆ ಕೇಳಲಿಲ್ಲ.

ಸಿಡಿ ಹಾಕಿದೆವು. ಪರದೆಯ ಮೇಲೆ ಪ್ರಶ್ನೆಗಳು ಬಂದವು. ಯಾವ ಭಾಷೆ, ಯಾವ ಕೀಲಿಮಣೆ. ‘ಆತಾ ಪಾರ್ಟಿಶನ್’ ಎಂದರು ಕಾಕಾ, ಇನ್ನು ಪಾರ್ಟಿಶನ್ ಎಂದು. ಅಪ್ಪನ ಕಿವಿ ನೆಟ್ಟಗಾಯಿತು. ಪಾರ್ಟಿಶನ್ ಅವನಿಗೆ ಬೇಕಾದ ಮಾತು, ಅಡ್ಡಗೋಡೆ, ಅರ್ಧ ಇಟ್ಟಿಗೆಯದು. ಕೈಯಲ್ಲೇ ಕರಣೆ ಹಿಡಿದಂತೆ ಮಾಡಿ ನನ್ನತ್ತ ನೋಡಿದ. ಹೌದು, ಡಿಸ್ಕಿನೊಳಗೂ ಗೋಡೆ ಕಟ್ಟುತ್ತಾರೆ ಎಂದೆ. ಇಟ್ಟಿಗೆಯಿಲ್ಲದ ಗೋಡೆ ಎಂಬ ವಿಚಾರಕ್ಕೆ ಅವನು ದಂಗುಬಡಿದು ಕೂತ.

ಅಷ್ಟರಲ್ಲಿ ಮೋಡ ಕವಿದು ಗಾಳಿ ಬೀಸಿತು. ಕಟ್ಟಡದ ತಾರಸಿ ಗಚ್ಚಿನ ಮೇಲೆ ಮೆಣಸಿನಕಾಯಿ ಒಣಗಲು ಹಾಕಿದ್ದೆವು. ನಾನು ಓಡಿದೆ. ಹನಿ ಬೀಳುವ ಮುಂಚೆ ಎಲ್ಲವನ್ನೂ ಬಳಿದು ಚೀಲಕ್ಕೆ ತುಂಬಿ, ಮೆಟ್ಟಿಲಿಳಿದು ಬಾಗಿಲಿಗೆ ಬಂದರೆ, ಸ್ಟೀಲ್ ಲೋಟವೊಂದು ನೆಲದ ಮೇಲೆ ಉರುಳುತ್ತ ನನ್ನ ಕಾಲಿಗೆ ಬಂದು ತಾಗಿತು. ಕಾಕಾ ಹಣೆಯ ಬೆವರು ಒರೆಸಿಕೊಳ್ಳುತ್ತ ಗಾಬರಿಯಿಂದ ಅಪ್ಪನನ್ನು ನೋಡುತ್ತಿದ್ದರು. ಲೋಟ ಅವರ ಪಕ್ಕದ ಗೋಡೆಗೆ ಬಡಿದಿತ್ತು. ಅಪ್ಪ ಎದ್ದು ನಿಂತಿದ್ದ. ಬಾಯಿ ತೆರೆದಿತ್ತು, ಏನೂ ಬರುತ್ತಿರಲಿಲ್ಲ. ಪರದೆಯ ಮೇಲೆ ಒಂದು ನೀಲಿ ಪಟ್ಟಿ ನಿಧಾನವಾಗಿ ಬೆಳೆಯುತ್ತಿತ್ತು.

ಆದದ್ದು ಇಷ್ಟು. ಡಿಸ್ಕಿನ ಮೇಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ ಎಂದು ಕಂಪ್ಯೂಟರು ಕೇಳಿತು. ಕೇಳದೆ ಏನೂ ಒತ್ತುವುದಿಲ್ಲ ಎಂದು ಮಾತು ಕೊಟ್ಟಿದ್ದ ಕಾಕಾ, ನಾನು ಒಳಗೇ ಇದ್ದೇನೆಂದುಕೊಂಡು ಅಡುಗೆಮನೆಯ ಕಡೆ ಮುಖ ಮಾಡಿ, ‘ಪುಸೂ ಕಾ?’ ಎಂದು ಕೂಗಿದರು. ಒರೆಸಲೇ, ಅಳಿಸಲೇ ಎಂದು. ಅವರ ಇಸ್ತ್ರಿ ಮರಾಠಿಯಲ್ಲಿ ಪುಸಣೆ ಎಂದರೆ ಒರೆಸುವುದು, ಬೇರೆ ಅರ್ಥವೇ ಇಲ್ಲ. ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅವಳ ಸೈಟಿನ ಮರಾಠಿಯಲ್ಲಿ ಪುಸಣೆ ಎಂದರೆ ಕೇಳುವುದು, ಪ್ರಶ್ನೆ ಕೇಳುವುದು. ಪಾಪ, ಮನುಷ್ಯ ಏನೋ ಕೇಳಬೇಕು ಅನ್ನುತ್ತಾನೆ, ಸಂಕೋಚ ಪಡುತ್ತಿದ್ದಾನೆ ಎಂದುಕೊಂಡು ಅವಳು ಧಾರಾಳವಾಗಿ ಉತ್ತರ ಕೊಟ್ಟಳು, ‘ಪುಸಾ ಕೀ ಭಾವಜಿ! ಪುಸಾಯ್ಲಾ ಕಾಯ್ ಜಾತಂಯ್?’ ಕೇಳಿ ಭಾವಜಿ, ಕೇಳೋಕೇನು ಹೋಗುತ್ತದೆ? ಕಾಕಾನ ಕಿವಿಗೆ ಬಿದ್ದದ್ದು ಬೇರೆ. ಒರೆಸಿರಿ, ಒರೆಸೋಕೇನು ಹೋಗುತ್ತದೆ. ಅವರು ಎಂಟರ್ ಒತ್ತಿದರು.

ಆ ಕೋಣೆಯಲ್ಲಿ ಎರಡೂ ಮರಾಠಿ ಗೊತ್ತಿದ್ದವನು ಒಬ್ಬನೇ, ಅಪ್ಪ. ಬಿಲ್ಡರುಗಳ ಜೊತೆ ಒಂದು, ಕೂಲಿಯವರ ಜೊತೆ ಇನ್ನೊಂದು ಆಡಿ ಪಳಗಿದವನು. ಪ್ರಶ್ನೆಯೂ ಉತ್ತರವೂ ಬೇರೆ ಬೇರೆ ದಾರಿ ಹಿಡಿದದ್ದು ಅವನಿಗೆ ತಕ್ಷಣ ಗೊತ್ತಾಯಿತು. ಒಂದು ಚಪ್ಪಾಳೆ ತಟ್ಟಿದ, ಎರಡು ತಟ್ಟಿದ, ಎಡೆಬಿಡದೆ ತಟ್ಟಿದ. ಒಳಗೆ ಅವ್ವನ ಕೈಯೂ ರೊಟ್ಟಿಯ ಮೇಲೆ ಪಟಪಟ ಬೀಳುತ್ತಿತ್ತು. ಕಾಕಾನಿಗೆ ಎರಡೂ ಒಂದೇ ಸದ್ದು. ಕೊನೆಗೆ ಕೈಗೆ ಸಿಕ್ಕ ಲೋಟ ಎಸೆದ, ಅಷ್ಟರಲ್ಲಿ ಬೆರಳು ಬಿದ್ದಾಗಿತ್ತು. ನೆಲದ ಮೇಲೆ ನಿಂತು ಮೇಲಿನ ಮಹಡಿಯ ಕೈಯನ್ನು ನಿಲ್ಲಿಸುತ್ತಿದ್ದವನಿಗೆ, ಮಾರು ದೂರದಲ್ಲಿದ್ದ ಒಂದು ಬೆರಳನ್ನು ನಿಲ್ಲಿಸಲು ಆಗಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತ್ತು. ವೈರು ಕೀಳಲು ಹೋದೆ. ಕಾಕಾ ಅಡ್ಡ ಬಂದರು, ನಡುವೆ ಕಿತ್ತರೆ ಇನ್ನೂ ಕೆಡುತ್ತದೆ ಎಂದರು. ಯಾವ ಡಿಸ್ಕ್ ಒರೆಸಿದಿರಿ ಎಂದು ಕೇಳಿದೆ. ‘ಎರಡನೆಯದು’ ಎಂದರು. ಎರಡನೆಯದು ಯಾವುದು ಎಂದೆ. ಅವರ ಬೆರಳು ಪೆಟ್ಟಿಗೆಯ ಕಡೆ ಹೋಗಿ, ಅಲ್ಲೇ ಗಾಳಿಯಲ್ಲಿ ನಿಂತಿತು. ನಾನು ಅವರನ್ನು ಮೊದಲ ಬಾರಿಗೆ ‘ಗೊತ್ತಿಲ್ಲ’ ಎನ್ನುವಂತೆ ಮಾಡಿದ್ದೆ. ಆ ಗೆಲುವು ನನಗೆ ಬೇಕಿರಲಿಲ್ಲ.

‘ವಹಿನೀಚ ಮ್ಹಣಾಲ್ಯಾ, ಪುಸಾ ಮ್ಹಣೂನ’ ಎಂದರು, ಅತ್ತಿಗೆಯೇ ಒರೆಸಿರಿ ಅಂದರು ಎಂದು. ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

‘ನಾ ಎಲ್ಲಿ ಒರಸ್ರಿ ಅಂದೆ? ಕೇಳ್ರಿ ಅಂದೆ. ಕೇಳ್ಲಾಕೂ ಬ್ಯಾಡ ಅನ್ಲೇನು ಮನಿಗಿ ಬಂದವರಿಗಿ?’

‘ಕೇಳೋದಕ್ಕ ವಿಚಾರಣೆ ಅಂತಾರವ್ವಾ ಇಲ್ಲಿ ಮಂದಿ!’ ಎಂದು ಚೀರಿದೆ.

‘ವಿಚಾರಣೆ ಪೋಲೀಸ್ರು ಮಾಡ್ತಾರ. ನಾವು ಕೇಳ್ತೀವಿ’ ಎಂದಳು. ನಮ್ಮ ಕನ್ನಡದ ಮಟ್ಟಿಗೆ ಅವಳ ಮಾತು ಸರಿಯೇ. ನಮ್ಮ ಕೇಳು ಎಂಬ ಮಾತಿಗೂ ಎರಡು ಕೆಲಸ, ಪ್ರಶ್ನೆ ಹಾಕುವುದೂ ಕಿವಿಗೊಡುವುದೂ. ಆದರೆ ಅದು ಯಾರನ್ನೂ ಅಳಿಸುವುದಿಲ್ಲ. ಏನು ಹೋಯಿತು ಅಂಥದ್ದು ಎಂದು ಅವ್ವ ಮತ್ತೆ ಕೇಳಿದಳು. ನಾನು ಅಪ್ಪನ ದನಿ ಎಂದೆ. ಅವಳು ಒಳಗೆ ಹೋದಳು. ಬಹಳ ಹೊತ್ತು ರೊಟ್ಟಿಯ ಸದ್ದು ಬರಲಿಲ್ಲ.

ಅಪ್ಪ ಮಂಚಕ್ಕೆ ಮರಳಿ, ಗೋಡೆಗೆ ಒರಗಿ ಕೂತಿದ್ದ. ನಾನು ಅವನನ್ನು ನೋಡಿದೆ, ಗೋಡೆಯ ಮೇಲೆ ಲೋಟ ಬಿದ್ದ ಗುರುತು ನೋಡಿದೆ. ತನ್ನ ದನಿ ಬೇಡವಾದವನು ಹೀಗೆ ಲೋಟ ಎಸೆಯುವುದಿಲ್ಲ. ಇಷ್ಟು ದಿನ ಅದು ಅಲ್ಲಿದೆ ಎಂಬ ನೆಚ್ಚಿಕೆಯಲ್ಲೇ ಅವನು ಕೂತಿದ್ದ, ನನ್ನ ಹಾಗೆಯೇ. ಇದು ತಿಳಿದದ್ದೇ ನನ್ನ ಸಿಟ್ಟೆಲ್ಲ ಜರ್ರನೆ ಇಳಿದು, ಅಳು ಉಕ್ಕಿತು.

ನೀಲಿ ಪಟ್ಟಿ ಪೂರ್ತಿಯಾಯಿತು. ಸಿಡಿ ತಾನಾಗಿಯೇ ಹೊರಗೆ ಬಂತು. ಕಂಪ್ಯೂಟರು ಆರಿ ಮತ್ತೆ ಹೊತ್ತಿತು. ದಿನವೂ ಕಾಣುತ್ತಿದ್ದ ವಿಂಡೋಸಿನ ಮೋಡದ ಚಿತ್ರ ಬರಲಿಲ್ಲ. ವಿಂಡೋಸ್ ಬೇಕೋ ಲಿನಕ್ಸ್ ಬೇಕೋ ಎಂದು ಕೇಳಬೇಕಾದ ಪಟ್ಟಿಯೂ ಬರಲಿಲ್ಲ. ನೇರವಾಗಿ ಕಪ್ಪು ಪರದೆ, ಓಡುವ ಸಾಲುಗಳು, ಹಸಿರು ಓಕೆ, ಓಕೆ, ಓಕೆ. ಕ್ಲಾಸಿನಲ್ಲಿ ಮೈ ಜುಮ್ಮೆನಿಸಿದ ಅದೇ ಸಾಲುಗಳು ಈಗ ಮನೆ ಹೊಕ್ಕ ಪರಕೀಯರ ಮೆರವಣಿಗೆಯಾಗಿ ಕಂಡವು. ಕಾಕಾ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು, ಹಾಕಿಕೊಳ್ಳಲಿಲ್ಲ.

ಮೇಷ್ಟರು ಕ್ಲಾಸಿನಲ್ಲಿ ಹೇಳಿದ ಒಂದು ಮಾತು ಆಗ ನೆನಪಾಯಿತು. ಲಿನಕ್ಸ್ ತನ್ನ ಪಕ್ಕದ ಡಿಸ್ಕನ್ನೂ ಓದಬಲ್ಲದು, ಅದು ಬೇರೆ ವ್ಯವಸ್ಥೆಯದಾದರೂ ಸರಿ. ಬಾಗಿಲು ಎಲ್ಲಿದೆ ಎಂದು ತೋರಿಸಿ, ಒಳಗೆ ಒಂದು ಜಾಗ ಮಾಡಿಕೊಟ್ಟರೆ ಸಾಕು. ಅದಕ್ಕೆ ಮೌಂಟ್ ಮಾಡುವುದು ಎನ್ನುತ್ತಾರೆ. ಕುರ್ಚಿಯಿಂದ ಕಾಕಾನನ್ನು ಎಬ್ಬಿಸಿ ನಾನು ಕೂತೆ. ಕಪ್ಪು ಪರದೆಯ ಮೇಲೆ ಆ ಸಾಲನ್ನು ಬರೆದೆ. ಮೊದಲ ಡಿಸ್ಕಿನ ಮೊದಲ ಕೋಣೆಯನ್ನು ತೆರೆ ಎಂದು. ಒಂದು ಅಕ್ಷರ ತಪ್ಪಿತು, ಅದು ಬೈಯಿತು. ಮತ್ತೆ ಬರೆದೆ.

ಏನೂ ಬರಲಿಲ್ಲ. ಒಂದಕ್ಷರವೂ ಇಲ್ಲ. ಸುಮ್ಮನೆ ಕೆಳಗಿನ ಸಾಲಿನಲ್ಲಿ ಕಡ್ಡಿ ಮಿನುಗುತ್ತ ನಿಂತಿತು.

ಕಾಕಾ ನಿಟ್ಟುಸಿರು ಬಿಟ್ಟರು. ನಾನು ಬಿಡಲಿಲ್ಲ. ಲಿನಕ್ಸಿನ ರೀತಿಯೇ ಅದು ಎಂದು ನಮಗೆ ಕಲಿಸಿದ್ದರು. ತಪ್ಪಾದರೆ ಮಾತ್ರ ಮಾತಾಡುತ್ತದೆ, ಕೆಲಸ ಆಯಿತೆಂದರೆ ಸುಮ್ಮನಿರುತ್ತದೆ. ವಿಂಡೋಸಿನಂತೆ ಮಾತುಮಾತಿಗೆ ಗಂಟೆ ಬಾರಿಸುವುದಿಲ್ಲ. ಬಾಯಿ ಇಲ್ಲದ್ದನ್ನು ಕಂಡು ಒಳಗೆ ಏನೂ ಇಲ್ಲ ಎಂದುಕೊಳ್ಳಬಾರದು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ಒಳಗೆ ಏನಿದೆ ತೋರಿಸು ಎಂದು ಬರೆದು ಒತ್ತಿದೆ.

ಹೆಸರುಗಳು ಸುರಿದವು. ನನ್ನ ಪತ್ರಗಳು, ಲಾರಿ ಆಫೀಸಿನ ಕಾಗದಗಳು, ಯಾವ ಕಾಲದ್ದೋ ಆಟಗಳು, ಎಲ್ಲವೂ ಇದ್ದವು. ವಿಂಡೋಸ್ ಎಂಬ ಹೆಸರೂ ಅಲ್ಲೇ ಒಂದು ಸಾಮಾನ್ಯ ಕೋಣೆಯಂತೆ ಕೂತಿತ್ತು. ಅದು ಸತ್ತಿರಲಿಲ್ಲ. ಹೊಸಬ ಬಂದು ಹೊಸ್ತಿಲಲ್ಲಿ ಕೂತಿದ್ದ, ಹಳಬನ ಹೆಸರು ಹಿಡಿದು ಕರೆಯುವುದು ಅವನಿಗೆ ಇನ್ನೂ ಗೊತ್ತಿರಲಿಲ್ಲ, ಅಷ್ಟೇ. ಒರೆಸಿದ್ದು ಬುಧವಾರ ಪೇಟೆಯ ಡಿಸ್ಕೇ. ಎರಡು ಸಾಲು ಸೇರಿಸಿ, ಅದು ವಿಂಡೋಸನ್ನೂ ಕರೆಯುವಂತೆ ಕಾಕಾ ಮಾರನೆಯ ದಿನ ಸರಿಮಾಡಿದರು, ಆ ಮಾತು ಬೇರೆ. ಆ ಗಳಿಗೆಯಲ್ಲಿ ನಾನು ನೋಡಿದ್ದು ಒಂದೇ ಹೆಸರನ್ನು. ಇಂಗ್ಲಿಷ್ ಅಕ್ಷರದಲ್ಲಿ ಅಪ್ಪ. ಯಾರೂ ಕೂಗದ ಸೈಟಿನಲ್ಲಿ ಎಲ್ಲೆಲ್ಲಿಯದೋ ಜನ ಕಟ್ಟಿದ ಈ ಮನೆಯ ಕಿಟಕಿಯಿಂದ, ಗೋಡೆಯಾಚೆಯ ನಮ್ಮ ಅಪ್ಪ ಕಾಣುತ್ತಿದ್ದ. ಅವರಿಗೆ ನಾವು ಯಾರು? ಕಾತ್ರಜದ ಒಂದು ಮನೆಯಲ್ಲಿ ಇಂಥದ್ದೊಂದು ಬೇಕಾಗುತ್ತದೆ ಎಂದು ಯಾವ ಪುಣ್ಯಾತ್ಮ ಯೋಚಿಸಿ ಬರೆದಿಟ್ಟ? ನಾನು ಕೈಮುಗಿದೆ, ಯಾವ ದಿಕ್ಕಿಗೆ ಮುಗಿಯಬೇಕೆಂದು ತಿಳಿಯದೆ ಪರದೆಗೇ ಮುಗಿದೆ.

‘ಅದಾನಪ್ಪಾ, ಅದಾನ!’ ಎಂದು ಕೂಗಿದೆ. ‘ನೀ ಅದಿ!’

ಅಪ್ಪ ಎದ್ದು ಬಂದು ನನ್ನ ಬೆನ್ನ ಹಿಂದೆ ನಿಂತ. ಹಚ್ಚಲೇ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಅವನೇ ಪರದೆಯ ಕಡೆ ಗದ್ದ ಎತ್ತಿ ತೋರಿಸಿದ. ಹಚ್ಚಿದೆ. ಸದ್ದಿಲ್ಲ. ಮತ್ತೆ ಹಚ್ಚಿದೆ. ಫೈಲು ಓಡುತ್ತಿದೆ, ಸೆಕೆಂಡುಗಳು ಸರಿಯುತ್ತಿವೆ, ಸ್ಪೀಕರು ಮಾತ್ರ ಮೂಕ. ಆಗ ಕಾಕಾ ಕನ್ನಡಕ ಹಾಕಿಕೊಂಡು ಮುಂದೆ ಬಾಗಿದರು. ಈ ವ್ಯವಸ್ಥೆ ಹೊಸದಾಗಿ ಹಾಕಿದಾಗ ಆವಾಜನ್ನು ಪೂರ್ತಿ ಇಳಿಸಿಟ್ಟಿರುತ್ತದೆ, ನಾವೇ ಏರಿಸಬೇಕು ಎಂದರು. ಸದ್ದಿನ ಪಟ್ಟಿಯೊಂದನ್ನು ತೆರೆದು, ತಳದಲ್ಲಿ ಕೂತಿದ್ದ ಗುಂಡಿಗಳನ್ನು ಒಂದೊಂದಾಗಿ ಮೇಲಕ್ಕೆಳೆದರು. ಎಳೆಯುವ ಮುಂಚೆ ಪ್ರತಿ ಸಲವೂ ನನ್ನ ಮುಖ ನೋಡಿ, ‘ವಿಚಾರತೋಯ್ ಹಂ’ ಎಂದರು, ಕೇಳ್ತಿದೀನಿ ನೋಡು ಎಂದು. ಆ ಹೊತ್ತಿನಲ್ಲೂ ನನಗೆ ನಗು ಬಂತು.

ಒಳಗೆ ಅವ್ವ ಉಳಿದ ಹಿಟ್ಟಿಗೆ ಕೈ ಹಚ್ಚಿದ್ದಳು. ಹೊರಗೆ ನಡೆದದ್ದು ಅವಳಿಗೆ ಗೊತ್ತಾಗಿತ್ತೋ ಇಲ್ಲವೋ. ರೊಟ್ಟಿಯ ಸದ್ದು ನಿಧಾನವಾಗಿ, ಬೇಸರದಿಂದ ಬೀಳುತ್ತಿತ್ತು. ನಾನು ಮೂರನೆಯ ಸಲ ಹಚ್ಚಿದೆ.

‘ಹಚ್ಚಿದೇನು?’ ಎಂದ ಅಪ್ಪ.

ಕೋಣೆ ತುಂಬಿತು. ನನ್ನ ಬೆನ್ನ ಹಿಂದೆ ನಿಂತಿದ್ದ ಅಪ್ಪನ ಕೈ ಕುರ್ಚಿಯ ಬೆನ್ನನ್ನು ಬಿಗಿಯಾಗಿ ಹಿಡಿಯಿತು.

‘ಈಗ ಮಾತಾಡ್ಬೇಕಾ? ಏನ್ ಮಾತಾಡ್ಲೆವ್ವ ಇದರ ಮುಂದ. ಇದಕ್ಕ ಕಿವಿ ಎಲ್ಲಿ ಅದ?’

‘ಏನಾರೆ ಹೇಳಪ್ಪಾ, ಟೈಮ್ ಹೋಗ್ಲಕತ್ತದ’ ಎಂದಿತು ನನ್ನದೇ ದನಿ, ದೂರದಿಂದ.

‘ಹೋಗ್ಲಿ ಬಿಡು. ಹೋಗೋದೇ ಅದರ ಕೆಲಸ.’ ಕೆಮ್ಮಿದ. ಕುರ್ಚಿ ಕಿರುಗುಟ್ಟಿತು. ಶುರುವಾತೇನು ಎಂದು ಮತ್ತೊಮ್ಮೆ ಕೇಳಿದ. ಈ ಸಲ ಅಪ್ಪ ಬಾಲ್ಕನಿಗೆ ಹೋಗಲಿಲ್ಲ. ನಿಮಿಷ ಮುಗಿಯುತ್ತ ಬಂದಿತ್ತು. ಆ ಹಳೆಯ ದಿನದ ಅಪ್ಪ ಮೈಕಿನಿಂದ ಮುಖ ತಿರುಗಿಸಿ, ಮಹಡಿ ಹತ್ತಿಸುವ ತನ್ನ ಸೈಟಿನ ದನಿಯಲ್ಲಿ ಅಡುಗೆಮನೆಯ ಕಡೆ ಕೂಗಿದ.

‘ಏ! ಚಾ ಮಾಡ್ತಿ ಏನ? ಗಂಟಲಾ ಒಣಗ್ಲಕತ್ತದ!’

ಅಲ್ಲಿಗೆ ಕಡಿಯಿತು. ಅವತ್ತು ಅವ್ವ ಏನು ಉತ್ತರ ಕೊಟ್ಟಿದ್ದಳೋ, ಅದು ಆ ನಿಮಿಷದ ಆಚೆಗೇ ಉಳಿದುಹೋಗಿತ್ತು.

‘ಹಾಲು ಮುಗದಾವ್ರಿ!’ ಎಂದು ಒಳಗಿನಿಂದ ಅವ್ವನ ದನಿ ಬಂತು, ಹಿಂದೆ ದಿನವೂ ಬರುತ್ತಿದ್ದಂತೆ. ‘ಕರೀ ಚಾ ನಡೀತದೇನು?’

ಮರುಗಳಿಗೆ ರೊಟ್ಟಿಯ ಸದ್ದು ನಿಂತಿತು. ಏನೋ ಕೆಳಗೆ ಬಿದ್ದ ಸದ್ದಾಯಿತು. ಅವ್ವ ಬಾಗಿಲಿಗೆ ಬಂದು ನಿಂತಳು, ಮೊಣಕೈವರೆಗೂ ಹಿಟ್ಟು. ಕಂಪ್ಯೂಟರಿನ ಕಡೆ ಅವಳು ನೋಡಲೇ ಇಲ್ಲ. ಅಪ್ಪನನ್ನೇ ನೋಡಿದಳು. ಪ್ರಶ್ನೆಯನ್ನು ಅರ್ಧಕ್ಕೆ ಬಿಡದೆ, ಸಣ್ಣ ದನಿಯಲ್ಲಿ ಇನ್ನೊಮ್ಮೆ ಕೇಳಿದಳು.

‘ಕರೀ ಚಾ... ನಡೀತದೇನ್ರಿ?’

ಅಪ್ಪ ಅಂಗೈಯಿಂದ ಕಣ್ಣು ಒರೆಸಿಕೊಂಡ. ಆಮೇಲೆ, ನಡೀತದ ಎಂದು ತಲೆಯಾಡಿಸಿದ.